ಕಾಕಾನ ಸೈಕಲ್ಲಿಗೆ ಹೊಸ ಗೇರು

ಹಳೇ ರೇಸಿಂಗ್ ಸೈಕಲ್ಲಿಗೆ ಹೊಸ ಗೇರು ಹಾಕಿಸ್ತೀನಿ ಅಂದ್ರೆ ಮನೆಯವರೆಲ್ಲ ಕೇಳುವುದು ಒಂದೇ ಮಾತು: "ಅಷ್ಟ ರೊಕ್ಕಕ್ಕ ಹೊಸಾದ ಬರ್ತಿತ್ತಲ್ಲ?" ಬರ್ತಿತ್ತು. ಆದರೆ ಅದಕ್ಕೆ ಈ ಫ್ರೇಮ್ ಇರುತ್ತಿರಲಿಲ್ಲ.

ಇದು ನಮ್ಮ ಕಾಕಾನ ಸೈಕಲ್ಲು. ಸೀಟಿನ ಕೆಳಗಿನ ಪೈಪಿನ ಮೇಲೆ 'ರೇನಾಲ್ಡ್ಸ್ 531' ಅನ್ನುವ ಚೀಟಿ ಅರ್ಧ ಕಿತ್ತುಹೋಗಿದೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಉಕ್ಕಿನ ಪೈಪು ಅದು. ಮ್ಯಾಂಗನೀಸು, ಮಾಲಿಬ್ಡಿನಂ ಬೆರೆತ ಉಕ್ಕು. ಹೊಡೆಯಲು ಹಗುರ, ಹೊಂಡಕ್ಕೆ ಬಿದ್ದರೂ ಬೆನ್ನಿಗೆ ಗುದ್ದುವುದಿಲ್ಲ. ನಮ್ಮ ರಸ್ತೆಗಳಲ್ಲಿ ಇದು ಸಣ್ಣ ಮಾತಲ್ಲ.

ತೊಂದರೆ ಇದ್ದದ್ದು ನವಲೂರಿನ ಏರಿನಲ್ಲಿ. ಪೆಡಲಿನ ಹತ್ತಿರ ಚೈನು ಓಡುವ ಸಣ್ಣ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ 24. ಅತಿ ಹಗುರ ಗೇರಿನಲ್ಲೂ ಪೆಡಲ್ ಒಂದು ಸುತ್ತು ಬಂದರೆ ಗಾಲಿ ಒಂದೂಮುಕ್ಕಾಲು ಸುತ್ತು ತಿರುಗಲೇಬೇಕು. ಈಗಿನ 34 ಮತ್ತು 32ರ ಜೋಡಿಯಲ್ಲಿ ಒಂದಕ್ಕೆ ಹೆಚ್ಚುಕಡಿಮೆ ಒಂದೇ. ಕಾಕಾ ಹರೆಯದಲ್ಲಿ ಏರಿಸಿದ್ದು ಬೇರೆ, ನನ್ನ ಮೊಣಕಾಲು ಬೇರೆ.

ಹುಬ್ಬಳ್ಳಿಯ ಮಿಸ್ತ್ರಿ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿ, "ಸರ, ಹಳೇದಕ್ಕ ಒಂದು ಹೊಸಾ ಸಾಮಾನ ಹಾಕಿದ್ರ ಅದು ಇನ್ನೊಂದನ್ನ ಬೇಡತೈತ್ರಿ" ಅಂದರು. ಹಾಗೇ ಆಯಿತು. ಹಿಂದಿನ ಗಾಲಿಗೆ 11 ಗೇರು ಬಂದರೆ ಚೈನು ತೆಳ್ಳಗಾಗಬೇಕು. ಚೈನು ತೆಳ್ಳಗಾದರೆ ಮುಂದಿನ ಹಲ್ಲುಚಕ್ರ ಬದಲಾಗಬೇಕು. ಗಾಲಿಯಂತೂ ಫ್ರೇಮಿಗೆ ಕೂರಲೇ ಇಲ್ಲ. 6 ಗೇರಿನ ಕಾಲದ ಫ್ರೇಮಿನಲ್ಲಿ ಹಿಂದಿನ ಗಾಲಿ ಕೂರುವ ಸಂದು 126 ಮಿಲಿಮೀಟರ್, ಹೊಸ ಗಾಲಿಗೆ ಬೇಕಾದದ್ದು 130.

ಮಿಸ್ತ್ರಿ ಗಾಬರಿಯಾಗಲಿಲ್ಲ. ಉಕ್ಕು ಬಾಗುತ್ತದೆ, ಬಾಗಿದಲ್ಲೇ ನಿಲ್ಲುತ್ತದೆ. ಅಲ್ಯೂಮಿನಿಯಂ ಆಗಿದ್ದರೆ ಕೈ ಹಚ್ಚುವಂತಿರಲಿಲ್ಲ, ಸೀಳುತ್ತದೆ. ಒಂದು ಕಡೆ ಎರಡು, ಇನ್ನೊಂದು ಕಡೆ ಎರಡು ಮಿಲಿಮೀಟರ್, ನಿಧಾನಕ್ಕೆ ಎಳೆದರು. ಆಮೇಲೆ ಜೇಬಿನಿಂದ ದಾರದ ಉಂಡೆ ತೆಗೆದರು! ಗಾಲಿ ಕೂರುವ ಒಂದು ತುದಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪನ್ನು ಬಳಸಿ ಇನ್ನೊಂದು ತುದಿಗೆ ಬಿಗಿಯಾಗಿ ತಂದರು. ದಾರಕ್ಕೂ ಸೀಟಿನ ಪೈಪಿಗೂ ನಡುವಿನ ಅಂತರವನ್ನು ಎರಡೂ ಕಡೆ ಪಟ್ಟಿ ಹಿಡಿದು ಅಳೆದರು. ಎಡಗಡೆ ಕೂದಲೆಳೆಯಷ್ಟು ಜಾಸ್ತಿ. ಮತ್ತೆ ಒಂಚೂರು ಒತ್ತಿದರು. ಮತ್ತೆ ದಾರ. ಚಹಾ ಆರಿ ಕೆನೆಗಟ್ಟಿತು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಖರ್ಚು ಮಾಡಬೇಕಾದ್ದು ಗೇರಿಗೂ ಅಲ್ಲ, ಬ್ರೇಕಿಗೆ. ಹೊಳೆಯುವ ಕ್ರೋಮಿನ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಳಿಜಾರಿಗೆ ಬಿಟ್ಟವರಿಗೆ ಗೊತ್ತು. ಅಲ್ಯೂಮಿನಿಯಂ ರಿಮ್ಮು ಬೇಕೇಬೇಕು. 27 ಇಂಚಿನ ಹಳೇ ಗಾಲಿಯ ಜಾಗಕ್ಕೆ ಈಗಿನ ರೇಸಿಂಗ್ ಸೈಕಲ್ಲಿನ '700ಸಿ' ಅಳತೆಯ ಗಾಲಿ ಹಾಕಿದರೆ ರಿಮ್ಮು 4 ಮಿಲಿಮೀಟರ್ ಕೆಳಗಿಳಿಯುತ್ತದೆ, ಬ್ರೇಕ್ ತೋಳು ಅಷ್ಟು ಉದ್ದ ಇದ್ದರೆ ಸಾಕು. ತೂಕದ ಚಿಂತೆ ಮಾತ್ರ ಸುಮ್ನೆ. ಸಾವಿರಾರು ಕೊಟ್ಟು ನೂರು ಗ್ರಾಂ ಇಳಿಸಿ, ದಾರಿಯಲ್ಲಿ ನಿಂತು ಕಾಲು ಕಿಲೋ ಪೇಡೆ ತಿನ್ನುವವರು ನಾವು.

ಕಾಕಾ ಹಾಕಿದ್ದು ಒಂದೇ ಷರತ್ತು: "ಏನರ ಮಾಡು, ಬಣ್ಣಕ್ಕ ಕೈ ಹಚ್ಚಬ್ಯಾಡ." ಹಚ್ಚಲಿಲ್ಲ. ಗೀರು, ತುಕ್ಕಿನ ಚುಕ್ಕೆ ಎಲ್ಲ ಹಾಗೇ ಇವೆ.

ಆದರೆ ಗೇರು ಬದಲಿಸುವ ಸನ್ನೆಕೋಲುಗಳು ಹೋದವು. ಅವು ಕೆಳಗಿನ ಪೈಪಿನ ಮೇಲಿದ್ದವು, ಪ್ರತಿ ಸಲ ಹ್ಯಾಂಡಲ್ ಬಿಟ್ಟು ಬಗ್ಗಬೇಕು. ಗೇರನ್ನು ಬ್ರೇಕ್ ಹಿಡಿಯೊಳಗೇ ಸೇರಿಸಿ ಜಪಾನಿನ ಶಿಮಾನೋ ಕಂಪನಿಯವರು 1990ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಅಂಥದ್ದನ್ನೇ ಹಾಕಿಸಿದೆ. ಎದುರಿನಿಂದ ರಾಂಗ್ ಸೈಡಲ್ಲಿ ಸ್ಕೂಟಿ ಬರುವ ಊರಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರುವುದೇ ಒಳ್ಳೇದು, ಅಲ್ವಾ?

ಕಾಕಾಗೆ ಓಡಿಸಲು ಕೊಟ್ಟೆ. ಉಣಕಲ್ ಕೆರೆಯ ಪಕ್ಕ ಒಂದು ಸುತ್ತು ಹೋಗಿ ಬಂದು ಕಾಲೂರಿ ನಿಂತರು.

"ಬ್ರೇಕ್ ಅಗದೀ ಛಲೋ ಅದಾವ. ಗೇರ್ ಯಾವಾಗ ಹಾಕಸ್ತಿ?"