ಅನ್ವಯಿಸದ್ದನ್ನು ಹೊಡೆದುಹಾಕಿ

ಮನುಷ್ಯನಿಗೆ ಬದುಕಿನಲ್ಲಿ ಏನೇನು ಆಗಬಹುದು? ಆರೋಗ್ಯವಾಗಿರಬಹುದು, ಸುಸ್ತಾಗಿರಬಹುದು. ಸಣ್ಣ ಕಾಯಿಲೆ, ಜೋರು ಕಾಯಿಲೆ, ಗಾಯ. ಹತನಾಗಿರಬಹುದು, ಸೆರೆ ಸಿಕ್ಕಿರಬಹುದು, ತೀರಿಕೊಂಡಿರಬಹುದು, ಸುದ್ದಿಯೇ ಇಲ್ಲದೆ ಹೋಗಿರಬಹುದು. ಮುಗಿಯಿತಲ್ಲ? ವೇದಾಂತಿಗಳು ಇದನ್ನು ಬಗೆಹರಿಸಲಾಗದೆ ಗಡ್ಡ ಬೆಳೆಸಿಕೊಂಡರು. 1940ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅಂಚೆ ಇಲಾಖೆ, ಜರ್ಮನ್ ಸೈನ್ಯದ ಅಪ್ಪಣೆ ಪಡೆದು, ಒಂದು ಕಾರ್ಡಿನ ಬೆನ್ನ ಮೇಲೆ ಬಗೆಹರಿಸಿಯೇ ಬಿಟ್ಟಿತು.

ಆ ಜೂನ್‌ನಲ್ಲಿ ಸೋತ ಫ್ರಾನ್ಸನ್ನು ಜರ್ಮನರು ಸುಮಾರು 1,200 ಕಿಲೋಮೀಟರ್ ಉದ್ದದ ಗೆರೆ ಎಳೆದು ಹೋಳು ಮಾಡಿದ್ದರು. ಒಂದು ಆಕ್ರಮಿತ ವಲಯ. ಇನ್ನೊಂದು ‘ಸ್ವತಂತ್ರ’ ವಲಯ, ಅಂದರೆ ಜರ್ಮನರು ಬಾಯಿ ತೆರೆಯುವ ಮುಂಚೆಯೇ ತಲೆಯಾಡಿಸುವ, ವಿಶಿ ಎಂಬ ಊರಿನಲ್ಲಿ ಕೂತ ಫ್ರೆಂಚ್ ಸರ್ಕಾರದ ಜಾಗ. ಅಪ್ಪ ಪ್ಯಾರಿಸ್‌ನಲ್ಲಿ, ಮಗಳು ಲಿಯೋನ್‌ನಲ್ಲಿ; ನಡುವೆ ಕಾಗದ ಬರೆಯುವಂತಿಲ್ಲ. ಆಮೇಲೆ ಬಂತು ಈ ಕಾರ್ಡು. ತಲೆಯ ಮೇಲೆಯೇ ಸೂಚನೆ: ಮನೆವಾರ್ತೆ ಮಾತ್ರ; ಅನ್ವಯಿಸದ್ದನ್ನು ಹೊಡೆದುಹಾಕಿ; ಗೆರೆಯ ಆಚೆ ಏನೂ ಬರೆಯಕೂಡದು. ಮೀರಿದರೆ ಕಾರ್ಡು ಮುಂದಕ್ಕೆ ಹೋಗುವುದಿಲ್ಲ, ‘ಬಹುಶಃ ನಾಶವಾಗುತ್ತದೆ’. ಆ ‘ಬಹುಶಃ’ ನನಗೆ ತುಂಬಾ ಇಷ್ಟ. ಎಂಥ ಸಂಕೋಚದ ಜನ!

ಒಂದು ಕಾರ್ಡು ತುಂಬೋಣ. ಚಿಕ್ಕಪ್ಪನ ಹೆಸರು ಬರೆಯಿರಿ, ಪಕ್ಕದಲ್ಲಿ ಅಚ್ಚಾಗಿರುವ ‘ಹತ’ ಹಾಗೇ ಇರಲಿ. ಯಾರು ಕೊಂದರು, ಯಾಕೆ ಕೊಂದರು ಎನ್ನುವುದಕ್ಕೆ ಜಾಗವಿಲ್ಲ, ಅದು ಮನೆವಾರ್ತೆಯಲ್ಲ. ‘ಮೃತ’ ಅನ್ನುವುದು ಬೇರೆ ಗೆರೆ, ಗಲಿಬಿಲಿ ಮಾಡಿಕೊಳ್ಳಬೇಡಿ. ಸ್ವಲ್ಪ ಕೆಳಗೆ ‘ದಿನಸಿ ಬೇಕು’, ‘ಹಣ ಬೇಕು’. ಇನ್ನೂ ಕೆಳಗೆ ಹುಡುಗ ಇಂಥ ಶಾಲೆಗೆ ಸೇರಲಿದ್ದಾನೆ, ಪಾಸಾಗಿದ್ದಾನೆ. ಕೊನೆಗೆ ‘ಅಕ್ಕರೆಯ ನೆನಪುಗಳು, ಮುತ್ತುಗಳು’. ಅವೂ ಅಚ್ಚಾಗಿಯೇ ಬರುತ್ತಿದ್ದವು. ಸರ್ಕಾರಿ ಮುತ್ತು! ಮಾವನ ಮೇಲೆ ಮುನಿಸಿಕೊಂಡ ಅಳಿಯ ಬೇಕಾದರೆ ಅದನ್ನು ಹೊಡೆದುಹಾಕಬಹುದಿತ್ತು. ಅಷ್ಟು ವಾಕ್‌ಸ್ವಾತಂತ್ರ್ಯವಿತ್ತು.

ಕಾರ್ಡಿನ ಸಹವಾಸವೇ ಬೇಡ, ನಾನೇ ಹೋಗಿಬರುತ್ತೇನೆ ಅಂದರೆ ‘ಔಸ್‌ವೈಸ್’ ಬೇಕು. ನಮ್ಮ ಹಳೇ ಮಾತಿನಲ್ಲಿ ರಹದಾರಿ. ಹತ್ತಿರದವರ ಸಾವು, ಭಾರಿ ಕಾಯಿಲೆ ಇಂಥ ಘನವಾದ ಕಾರಣ ಹಿಡಿದು ಅರ್ಜಿ ಹಾಕಬೇಕು. ಸಾಯುವವರು ರಹದಾರಿ ಬರುವ ತನಕ ತಡೆದುಕೊಳ್ಳಬೇಕು. ದಾಟಿದರೋ, ಶುರುವಿನ ತಿಂಗಳುಗಳಲ್ಲಿ ಗಡಿಯಾರವನ್ನೂ ಒಂದು ಗಂಟೆ ತಿರುಗಿಸಿಕೊಳ್ಳಬೇಕು. ಆಕ್ರಮಿತ ವಲಯದಲ್ಲಿ ಸೂರ್ಯ ಬರ್ಲಿನ್ ಸಮಯಕ್ಕೆ ಹುಟ್ಟುತ್ತಿದ್ದ. ಶೆರ್ ನದಿಯ ಮೇಲೆ ಸೇತುವೆಯಂತೆ ಕಟ್ಟಿದ ಶೆನೊನ್ಸೋ ಅರಮನೆಯದು ಇನ್ನೂ ಚೆನ್ನ. ಮುಂಬಾಗಿಲು ಆಕ್ರಮಿತ ವಲಯದಲ್ಲಿ, ಹಜಾರದ ತುದಿಯ ಹಿಂಬಾಗಿಲು ಸ್ವತಂತ್ರ ವಲಯದಲ್ಲಿ. ಎಷ್ಟೋ ಜನ ರಹದಾರಿಯಿಲ್ಲದೆ ಆ ಹಜಾರದಲ್ಲಿ ನಡೆದೇ ಪಾರಾದರು.

ವಿಶಿಯ ಗುಮಾಸ್ತರು ಹಿಂದೆ ಬೀಳುತ್ತಾರೆಯೇ? 1940ರ ಅಕ್ಟೋಬರ್ 27ರ ಕಾನೂನಿನ ಪ್ರಕಾರ ಹದಿನಾರು ದಾಟಿದ ಪ್ರತಿಯೊಬ್ಬ ಫ್ರೆಂಚರೂ ತಾವು ಯಾರೆಂದು ಗುರುತಿನ ಚೀಟಿಯಿಂದಲೇ ತೋರಿಸಬೇಕು. ಹೆತ್ತ ತಾಯಿಯ ಮಾತು ನಡೆಯದು. ರೇಷನ್ ಕಾರ್ಡಿನಲ್ಲಿ ಮೀಸೆ ಚಿಗುರುವ ಹುಡುಗ ‘ಜೆ3’, ಎಪ್ಪತ್ತು ದಾಟಿದ ಅಜ್ಜಿ ‘ವಿ’.

ಬಟ್ಟೆಗೂ ಪಾಯಿಂಟುಗಳ ಕಾರ್ಡು ಇತ್ತು. 1942ರ ಜೂನ್‌ನಿಂದ ಆಕ್ರಮಿತ ವಲಯದಲ್ಲಿ ಆರು ವರ್ಷ ತುಂಬಿದ ಯಹೂದಿಗಳೆಲ್ಲ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕೆಂದು ಜರ್ಮನರ ಆಜ್ಞೆಯಾಯಿತು. ಪೊಲೀಸ್ ಠಾಣೆಯಲ್ಲಿ ಸಾಲು ನಿಂತರೆ ತಲೆಗೆ ಮೂರು ನಕ್ಷತ್ರ. ಬಿಟ್ಟಿ ಅಲ್ಲ. ಮೂರಕ್ಕೆ ಸೇರಿ ಬಟ್ಟೆ ಕಾರ್ಡಿನ ಒಂದು ಪಾಯಿಂಟ್ ಕತ್ತರಿಸಿಕೊಳ್ಳುತ್ತಿದ್ದರು. ಅವಮಾನವನ್ನೂ ರೇಷನ್ನಿನಲ್ಲೇ ಕೊಟ್ಟರು ಮಾರಾಯ್ರೆ, ಲೆಕ್ಕ ಅಂದರೆ ಲೆಕ್ಕ. ಆ ವರ್ಷದ ಡಿಸೆಂಬರಿನಲ್ಲಿ ವಿಶಿ ಇನ್ನೊಂದು ಕಾನೂನು ತಂದು ಯಹೂದಿಗಳ ಗುರುತಿನ ಚೀಟಿಗೂ ರೇಷನ್ ಕಾರ್ಡಿಗೂ ‘ಜ್ವೀಫ್’, ಅಂದರೆ ಯಹೂದಿ, ಎಂದು ಮುದ್ರೆ ಒತ್ತಿಸಿತು.

ಪ್ಯಾರಿಸ್‌ನಲ್ಲಿ ಅಡಾಲ್ಫೋ ಕಾಮಿನ್‌ಸ್ಕಿ ಅಂತ ಹದಿನೆಂಟರ ಹುಡುಗನಿದ್ದ, ಯಹೂದಿ. ಅರ್ಜೆಂಟೀನಾದ ಪೌರತ್ವವಿದ್ದ ಕಾರಣಕ್ಕೆ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಡ್ರಾನ್ಸಿ ಶಿಬಿರದಿಂದ ಬಿಡುಗಡೆಯಾಗಿ ಬಂದಿದ್ದ. ಕಾಗದದ ಬೆಲೆ ಅವನಿಗೆ ಬೇರೆ ಹೇಳಿಕೊಡಬೇಕಿರಲಿಲ್ಲ. ಚೀಟಿಗಳ ಮೇಲಿನ ವಾಟರ್‌ಮನ್ ನೀಲಿ ಶಾಯಿ ಯಾವುದಕ್ಕೂ ಹೋಗುತ್ತಿಲ್ಲವೆಂದು, ಜರ್ಮನರ ವಿರುದ್ಧ ಗುಟ್ಟಾಗಿ ಸುಳ್ಳು ಚೀಟಿ ಮಾಡಿಕೊಡುತ್ತಿದ್ದ ಪ್ರತಿರೋಧದವರು ಕೈಚೆಲ್ಲಿ ಕೂತಿದ್ದರು. ಹಾಲಿನ ಡೈರಿಯೊಂದರಲ್ಲಿ ನೀಲಿ ಬಣ್ಣ ಹಾಕಿ ಬೆಣ್ಣೆಯ ಜಿಡ್ಡು ಅಳೆಯುವಾಗ ಆ ಬಣ್ಣ ಮಾಯವಾಗುವುದನ್ನು ನೋಡಿದ್ದ ಹುಡುಗ ಲ್ಯಾಕ್ಟಿಕ್ ಆಮ್ಲ ಹಾಕಿ ನೋಡಿ ಅಂದ. ಶಾಯಿ ಹೋಯಿತು.

ಲ್ಯಾಕ್ಟಿಕ್ ಆಮ್ಲ ಅಂದರೆ ಗಾಬರಿಯಾಗಬೇಡಿ. ನಮ್ಮ ಮೊಸರನ್ನು ಹುಳಿ ಮಾಡುವುದೂ ಅದೇ.