ಕಾಲು ನೋಡ್ರಪ್ಪಾ, ಕಾಲು!

ನಿನ್ನೆ ರಾತ್ರಿಯಿಂದ ತಲೆ ಕೆಟ್ಟು ಕೂತಿದೆ. ಬರೆದು ಹಾಕಿಬಿಡ್ತೀನಿ. ಕ್ರಿಕೆಟ್ ಬಿಟ್ಟು ಬೇರೆ ಆಟ ಬೇಡ ಅನ್ನೋರು ಇಲ್ಲಿಂದಲೇ ಮುಂದೆ ಹೋಗಬಹುದು, ನಾನೇನೂ ಬೇಜಾರು ಮಾಡ್ಕೊಳಲ್ಲ.

ಅಕ್ಕನ ಮಗ ಬೆಂಗಳೂರಿಂದ ಬಂದಿದ್ದಾನೆ. ಗೊತ್ತಲ್ಲ, ಯುಗಾದಿ ದಿನ ಬಾಗಿಲ ಚೌಕಟ್ಟು ಹಿಡಿದು ನೇತಾಡಿ ತೋರಣದ ಸಮೇತ ಕೆಳಗೆ ಬಿದ್ದನಲ್ಲ, ಅವನೇ. ಈಗ ಕಿಕ್‌ಬಾಕ್ಸಿಂಗ್ ಕ್ಲಾಸಿಗೆ ಸೇರಿದ್ದಾನಂತೆ. ನನಗೆ ಖುಷಿಯೋ ಖುಷಿ. ನಮ್ಮ ಮನೇಲಿ ಈ ವಿಷಯ ಮಾತಾಡೋಕೆ ಒಬ್ಬ ಸಿಕ್ಕಿದನಲ್ಲ ಅಂತ ಊಟದ ತಟ್ಟೆ ಹಿಡ್ಕೊಂಡೇ ಅವನ ಪಕ್ಕ ಹೋಗಿ ಕೂತೆ. ಅವನು ಫೋನ್ ತೆಗೆದು ಒಂದು ರೀಲ್ ತೋರಿಸಿದ. 'ಸಾರ್ವಕಾಲಿಕ ಟಾಪ್ ಟೆನ್ ಕಿಕ್‌ಬಾಕ್ಸರ್‌ಗಳು.' ಒಂದು ನಿಮಿಷವೂ ಇಲ್ಲ. ಹಿಂದೆ ಡಬಡಬ ಮ್ಯೂಸಿಕ್ಕು. ಒಬ್ಬೊಬ್ಬನಿಗೂ ಒಂದೊಂದು ಹೊಡೆತ, ಎದುರಿಗಿದ್ದವನು ದೊಪ್ಪನೆ ಬೀಳ್ತಾನೆ, ಮುಂದಿನವನು. ಆ ಹತ್ತು ಜನರಲ್ಲಿ ಬಾಬ್ ಸ್ಯಾಪ್ ಇದ್ದ. ವಿದ್ಯೆಗಿಂತ ಮೈಭಾರವನ್ನೇ ನಂಬಿದ್ದ ಬಾಬ್ ಸ್ಯಾಪ್! ಅವನು ಬಡಿದು ಕೆಡವುತ್ತಿದ್ದದ್ದು ಯಾರನ್ನ ಅಂದ್ರೆ ಅರ್ನೆಸ್ಟೊ ಹೋಸ್ಟ್‌ನನ್ನ.

'ಯಾರು ಮಾಮ ಈ ಮುದುಕ?' ಅಂದ ನಮ್ಮ ಹುಡುಗ.

ಬಾಯಲ್ಲಿದ್ದ ತುತ್ತು ಗಂಟಲಲ್ಲೇ ನಿಂತಿತು ನೋಡಿ.

ಲೋ, ಆ ಮುದುಕ ಜಪಾನಿನ ದೊಡ್ಡ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ಕೆ-1 ಗ್ರಾಂಡ್ ಪ್ರಿಯನ್ನ ನಾಲ್ಕು ಸಲ ಗೆದ್ದವನು. 1997, 1999, 2000, 2002. ಒಂದೇ ರಾತ್ರಿ ಮೂರು ಜನರ ಎದುರು ಆಡಿ ಗೆಲ್ಲಬೇಕಾದ ಪಂದ್ಯಾವಳಿ ಅದು. ಅವನನ್ನ ಇಡೀ ಜಪಾನ್ 'ಮಿಸ್ಟರ್ ಪರ್ಫೆಕ್ಟ್' ಅಂತ ಕರೀತಿತ್ತು. ರೀಲ್ ಮಾಡಿದ ಪುಣ್ಯಾತ್ಮನಿಗೆ ಅವನು ಕಂಡಿದ್ದು ಬೇರೆಯವನ ಕೈಲಿ ಒದೆ ತಿನ್ನೋ ಹತ್ತು ಸೆಕೆಂಡಿಗೆ ಮಾತ್ರ.

ನನ್ನ ತಕರಾರು ಒಂದೇ. ಎಲ್ಲರೂ ಮುಖ ನೋಡ್ತಾರೆ, ಕಾಲು ನೋಡಲ್ಲ. ಆಟದ ಹೆಸರೇ ಕಿಕ್‌ಬಾಕ್ಸಿಂಗ್, ಅರ್ಧ ಆಟ ನಡೆಯೋದು ಸೊಂಟದ ಕೆಳಗೆ, ಆದರೆ ರೀಲ್ ಮಾಡೋರು ಸೊಂಟದ ಕೆಳಗೆ ಕಟ್ ಮಾಡಿಯೇ ವಿಡಿಯೋ ಹಾಕ್ತಾರೆ. ಫೋನ್ ಉದ್ದುದ್ದ ಹಿಡೀತಾರಲ್ಲ, ಅದರಲ್ಲೂ ಕಾಲಿಗೆ ಜಾಗ ಇಲ್ಲ ಅಂದ್ರೆ ಹೆಂಗ್ರೀ?

ಹೋಸ್ಟ್ ಏನು ಮಾಡ್ತಿದ್ದ ಅಂತ ಸ್ವಲ್ಪ ಹತ್ತಿರದಿಂದ ಹೇಳ್ತೀನಿ. ಎಡಗೈಯಲ್ಲಿ ಒಂದು ಹುಕ್, ಅಂದ್ರೆ ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸೋ ಗುದ್ದು, ಹೊಟ್ಟೆಯ ಪಕ್ಕಕ್ಕೆ. ಅದನ್ನ ತಡೆಯೋಕೆ ಎದುರಾಳಿ ಮೊಣಕೈ ಕೆಳಗೆ ತರ್ತಾನೆ, ಮೈ ಸ್ವಲ್ಪ ಬಾಗುತ್ತೆ, ಭಾರವೆಲ್ಲ ಮುಂದಿನ ಕಾಲಿಗೆ ಬೀಳುತ್ತೆ. ಲೋ ಕಿಕ್, ಅಂದ್ರೆ ಕಾಲಿಗೆ ಬೀಳೋ ಒದೆತ, ಬಂದರೆ ತಡೆಯೋಕಿರೋ ಮುಖ್ಯ ದಾರಿ ಮುಂದಿನ ಕಾಲೆತ್ತಿ ಮೊಣಕಾಲ ಕೆಳಗಿನ ಎಲುಬು ಅಡ್ಡ ಕೊಡೋದು. ಚೆಕ್ ಮಾಡೋದು ಅಂತಾರಲ್ಲ, ಅದು. ಆದರೆ ಭಾರ ಊರಿದ ಕಾಲನ್ನ ಎತ್ತೋದು ಹೇಗೆ? ಹೋಸ್ಟ್‌ನ ಬಲಗಾಲು ತೊಡೆಗೆ ಬೀಳೋದು ಸರಿಯಾಗಿ ಆ ಕ್ಷಣಕ್ಕೆ. ಹುಕ್ ಹೊಡೆಯುವಾಗ ತಿರುಗಿದ ಅವನ ಸೊಂಟವೇ ಒದೆತಕ್ಕೆ ಬಿಲ್ಲಿನ ಹಾಗೆ ಎಳೆದು ರೆಡಿ ಆಗಿರುತ್ತೆ. ಒಂದು ಏಟಿಗೆ ಯಾರೂ ಬೀಳಲ್ಲ. ಐದು, ಆರು, ಹತ್ತು. ಎರಡನೇ ರೌಂಡಿನ ಹೊತ್ತಿಗೆ ಎದುರಾಳಿ ಕಾಲು ಬದಲಾಯಿಸಿ ನಿಲ್ತಾನೆ. ಅಷ್ಟು ಹೊತ್ತಿಗೆ ಆಟ ಮುಗಿದಿರುತ್ತೆ, ಅದು ಅವನಿಗೆ ಮತ್ತು ಹೋಸ್ಟ್‌ಗೆ ಮಾತ್ರ ಗೊತ್ತಿರುತ್ತೆ. ಹಿಂದಿನ ಸಾಲಿನ ಪ್ರೇಕ್ಷಕ ಇನ್ನೂ ಪಾಪ್‌ಕಾರ್ನ್ ತಿಂತಿರ್ತಾನೆ.

ಇದನ್ನ ರೀಲ್‌ನಲ್ಲಿ ತೋರಿಸು ನೋಡೋಣ!

ಕಾಲಿನ ಬೆಲೆ ಗೊತ್ತಾಗಬೇಕಾದ್ರೆ 1988ರ ಲಾಸ್ ವೇಗಸ್‌ನ ಒಂದು ಪಂದ್ಯ ನೋಡಬೇಕು. ಅಮೆರಿಕದ ರಿಕ್ ರೂಫಸ್, ಥಾಯ್ಲೆಂಡಿನ ಚಾಂಗ್‌ಪುಯಕ್ ಕಿಯತ್‌ಸೊಂಗ್ರಿತ್. ಆಗಿನ ಅಮೆರಿಕನ್ ಕಿಕ್‌ಬಾಕ್ಸಿಂಗಿನಲ್ಲಿ ಸೊಂಟದ ಕೆಳಗೆ ಒದೆಯೋ ಹಾಗೇ ಇರಲಿಲ್ಲ. ಉದ್ದ ಪ್ಯಾಂಟು, ಚೆಂದದ ಎತ್ತರದ ಒದೆತ. ಈ ಪಂದ್ಯದಲ್ಲಿ ಮಾತ್ರ ಲೋ ಕಿಕ್‌ಗೆ ಒಪ್ಪಿಗೆ ಕೊಟ್ಟರು. ಮೊದಲ ರೌಂಡಿನಲ್ಲಿ ರೂಫಸ್ ಅವನನ್ನ ಎರಡು ಸಲ ಕೆಡವಿದ, ದವಡೆ ಮುರಿದ. ಜನ ಎದ್ದು ಕುಣಿದರು. ಚಾಂಗ್‌ಪುಯಕ್ ಎದ್ದ, ಒಂದು ಒದೆತ ಕೊಟ್ಟ ತೊಡೆಗೆ. ಇನ್ನೊಂದು. ಮತ್ತೊಂದು. ಕಬ್ಬು ಕಡಿಯೋರ ಥರ, ಯಾವ ಆತುರವೂ ಇಲ್ಲ. ನಾಲ್ಕನೇ ರೌಂಡಿನಲ್ಲಿ ರೂಫಸ್‌ಗೆ ನಿಲ್ಲೋಕೇ ಆಗಲಿಲ್ಲ, ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ರೂಫಸ್‌ನ ತಮ್ಮ ಡ್ಯೂಕ್ ಮುಂದೆ ಥಾಯ್ ಬಾಕ್ಸಿಂಗನ್ನೇ ಕಲಿತು, ಅದನ್ನೇ ಹೇಳಿಕೊಡೋ ಕೋಚ್ ಆದ. ಅಣ್ಣನ ತೊಡೆ ತಮ್ಮನಿಗೆ ಪಾಠ ಹೇಳಿತು ಅನ್ನಿ.

ಥಾಯ್ಲೆಂಡಿನ ಈ ವಿದ್ಯೆ ಡಚ್ಚರಾದ ಹೋಸ್ಟ್‌ನಂಥವರ ಕಾಲಿಗೆ ಹೇಗೆ ಬಂತು ಅನ್ನೋದೂ ಒಂದು ಸೋಲಿನ ಕಥೆಯೇ. 1964ರಲ್ಲಿ ಜಪಾನಿನ ಮೂವರು ಕರಾಟೆಯವರು ಬ್ಯಾಂಕಾಕಿನ ಲುಂಪಿನಿ ಸ್ಟೇಡಿಯಂಗೆ ಹೋಗಿ ಆಡಿದರು. ಅದರಲ್ಲಿ ಸೋತು ಬಂದವನು ಕೆಂಜಿ ಕುರೋಸಾಕಿ. ಸೋತವನು ಕುಂಟು ನೆಪ ಹೇಳಿಕೊಂಡು ಕೂರಲಿಲ್ಲ, ಗೆದ್ದವರ ವಿದ್ಯೆಯನ್ನೇ ತನ್ನದು ಮಾಡಿಕೊಂಡು ಟೋಕಿಯೋದಲ್ಲಿ ಮೆಜಿರೋ ಜಿಮ್ ಕಟ್ಟಿದ. ಅವನ ಹತ್ತಿರ ಕಲಿತ ಡಚ್ಚ ಯಾನ್ ಪ್ಲಾಸ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದೇ ಹೆಸರಿನ ಜಿಮ್ ತೆಗೆದ. ಮುಂದೆ ಅಷ್ಟು ಸಣ್ಣ ದೇಶದಿಂದ ಸಾಲುಸಾಲಾಗಿ ಚಾಂಪಿಯನ್ನರು ಬಂದರಲ್ಲ, ಅದರ ಬೇರು ಅಲ್ಲಿದೆ.

'ಅದೆಲ್ಲ ಸರಿ ಮಾಮ, ಜನ ದುಡ್ಡು ಕೊಟ್ಟು ಬರೋದು ನಾಕೌಟ್ ನೋಡೋಕೆ. ಇದೆಲ್ಲ ಬೋರು' ಅಂತ ನಮ್ಮ ಹುಡುಗನ ವಾದ. ಕಾಮೆಂಟಲ್ಲೂ ಯಾರಾದ್ರೂ ಇದನ್ನೇ ಹೇಳ್ತೀರಿ, ಬಲ್ಲೆ. ಹೌದಪ್ಪ, ಬರ್ತಾರೆ. ಜಾತ್ರೇಲಿ ಎರಡು ತಲೆ ಕರು ನೋಡೋಕೂ ಬರ್ತಾರೆ. ಹಾಗಂತ ಅದು ಹಾಲು ಕೊಡೋ ಹಸು ಆಗುತ್ತಾ?

ಆದರೂ ಸ್ಯಾಪ್ ವಿಷಯದಲ್ಲಿ ನನ್ನ ಎದೆಯೊಳಗೆ ಒಂದು ಮುಳ್ಳಿದೆ, ಅದನ್ನ ಮುಚ್ಚಿಡಲ್ಲ. 2002ರ ಅಕ್ಟೋಬರಿನಲ್ಲಿ ಅವನು ಹೋಸ್ಟ್‌ನನ್ನ ಸೋಲಿಸಿದ. ಆಕಸ್ಮಿಕ ಅಂದುಕೊಂಡೆವು. ಡಿಸೆಂಬರಿನಲ್ಲಿ ಟೋಕಿಯೋ ಡೋಮ್‌ನಲ್ಲಿ ಗ್ರಾಂಡ್ ಪ್ರಿಯ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಸೋಲಿಸಿದ. ಅಮೆರಿಕನ್ ಫುಟ್‌ಬಾಲ್ ಆಡಿಕೊಂಡಿದ್ದವನು, ಹೋಸ್ಟ್‌ಗಿಂತ ಐವತ್ತು ಕೆ.ಜಿ.ಗೂ ಜಾಸ್ತಿ ಭಾರ. ವಿದ್ಯೆ ಸೊನ್ನೆ. ಕೈ ಬೀಸಿದ್ದೇ ಬೀಸಿದ್ದು. ನಮ್ಮ ಮಿಸ್ಟರ್ ಪರ್ಫೆಕ್ಟು ಕಣ್ಣೆದುರೇ ಮೂಲೆಗೆ ಒತ್ತರಿಸಿಕೊಂಡು ಹೋದ. ಯಾವ ಎಡ ಹುಕ್ಕೂ, ಯಾವ ಲೋ ಕಿಕ್ಕೂ ಅವನನ್ನ ಉಳಿಸಲಿಲ್ಲ.

ಆದರೆ ರೀಲ್ ಅಲ್ಲಿಗೇ ಮುಗಿಯುತ್ತೆ, ಆ ರಾತ್ರಿ ಮುಗಿದಿರಲಿಲ್ಲ. ಸ್ಯಾಪ್‌ನ ಕೈ ಮುರಿದಿತ್ತು, ಸೆಮಿಫೈನಲ್‌ಗೆ ಬರೋಕಾಗಲಿಲ್ಲ. ಸೋತವನನ್ನೇ ವಾಪಸ್ ಕರೆದರು. ಮೂವತ್ತೇಳು ವರ್ಷ ವಯಸ್ಸು, ಆಗಷ್ಟೇ ಒದೆ ತಿಂದು ಒಳಗೆ ಹೋಗಿದ್ದವನು, ಮತ್ತೆ ಗ್ಲೌಸ್ ಹಾಕ್ಕೊಂಡು ಬಂದ. ಸೆಮಿಯಲ್ಲಿ ಎದುರಾಳಿ ರೇ ಸೆಫೋನ ಕಾಲು ಕೈಕೊಟ್ಟಿತು. ಫೈನಲ್‌ನಲ್ಲಿ ಜೆರೋಮ್ ಲೆ ಬ್ಯಾನರ್. ಆ ಫ್ರೆಂಚ್ ಗೂಳಿ ಹೋಸ್ಟ್‌ನ ಒದೆತಗಳನ್ನ ಎಡಗೈಯಲ್ಲಿ ತಡೀತಾ ಹೋದ, ತಡೀತಾ ತಡೀತಾ ಆ ಕೈಯೇ ಮುರಿಯಿತು. ನಾಲ್ಕನೇ ಕಿರೀಟ. ಅದೃಷ್ಟ ಅಂತೀರಾ? ಒಳಗೆ ಕರೆದದ್ದು ಅದೃಷ್ಟ ಇರಬಹುದು. ಲೆ ಬ್ಯಾನರ್‌ನ ಕೈ ಅದೃಷ್ಟಕ್ಕೆ ಮುರಿಯಲಿಲ್ಲ.

ನನ್ನ ಪಟ್ಟಿ ಏನು ಅಂತ ಕೇಳ್ತೀರಿ. ಹೋಸ್ಟ್ ಮೊದಲು, ಅದರಲ್ಲಿ ಚರ್ಚೆ ಇಲ್ಲ. ಆಮೇಲೆ ಆಂಡಿ ಹೂಗ್. ಸ್ವಿಟ್ಜರ್‌ಲೆಂಡಿನವನು, ಕ್ಯೋಕುಶಿನ್ ಕರಾಟೆಯಿಂದ ಬಂದವನು, ಹೆವಿವೇಟ್ ಗೂಳಿಗಳ ಮಧ್ಯೆ ಸಣ್ಣಾಳು. ಕಾಲನ್ನ ತಲೆಯ ಮೇಲಕ್ಕೆತ್ತಿ ಕೊಡಲಿ ಹಾಗೆ ಕೆಳಗಿಳಿಸ್ತಿದ್ದನಲ್ಲ, ಎಲ್ಲರಿಗೂ ಅದೊಂದೇ ನೆನಪು. ಆದರೆ 1996ರ ಗ್ರಾಂಡ್ ಪ್ರಿ ಫೈನಲ್ ಅವನು ಗೆದ್ದದ್ದು ಅದರಿಂದಲ್ಲ. ಎದುರಿಗಿದ್ದವನು ದಕ್ಷಿಣ ಆಫ್ರಿಕಾದ ಮೈಕ್ ಬರ್ನಾರ್ಡೊ, ಹಿಂದೆ ಇದೇ ಹೂಗ್‌ನನ್ನ ಸೋಲಿಸಿದ್ದವನು. ಹೂಗ್ ಬುಗುರಿಯ ಹಾಗೆ ಗರ್ರನೆ ತಿರುಗಿ ಹಿಮ್ಮಡಿಯಿಂದ ಬಾರಿಸಿದ್ದು ಎಲ್ಲಿಗೆ? ತೊಡೆಗೆ! ತಲೆಗೆ ಬರುತ್ತೆ ಅಂತ ಕಾಯ್ತಿದ್ದವನ ತೊಡೆಗೆ. 2000ನೇ ಇಸವಿ ಜುಲೈನಲ್ಲಿ ರಿಂಗಿನೊಳಗೆ ಗೆದ್ದು ನಿಂತಿದ್ದ ಮನುಷ್ಯ ಆಗಸ್ಟ್ 24ಕ್ಕೆ ಟೋಕಿಯೋದಲ್ಲಿ ಹೋಗಿಬಿಟ್ಟ. ಲ್ಯುಕೇಮಿಯಾ. ಮೂವತ್ತೈದು ವರ್ಷ. ಇದನ್ನ ಬರೆಯುವಾಗ ಈಗಲೂ ಕೈ ನಿಧಾನ ಆಗುತ್ತೆ.

ಡಚ್ಚ ಪೀಟರ್ ಆರ್ಟ್ಸ್ ನನ್ನ ಸಿದ್ಧಾಂತಕ್ಕೆ ಒಗ್ಗದ ಆಸಾಮಿ. ಅವನದು ತಲೆಗೇ ಒದೆತ. 1998ರ ಗ್ರಾಂಡ್ ಪ್ರಿಯಲ್ಲಿ ಮೂವರನ್ನೂ ಮೊದಲ ರೌಂಡಿನಲ್ಲೇ ಮಲಗಿಸಿದ. ಮೂರೂ ಪಂದ್ಯ ಸೇರಿ ಏಳು ನಿಮಿಷವೂ ಆಗಿರಲಿಲ್ಲ. ನಮ್ಮ ಹುಡುಗನಿಗೆ ಬೇಕಾದ ಸರಕು ಅದು. ಆದರೆ ನನಗೆ ಇಷ್ಟವಾದ ಆರ್ಟ್ಸ್ 2010ರವನು. ನಲವತ್ತು ದಾಟಿದ ಆರ್ಟ್ಸ್ ಏಳಡಿಗೆ ಸ್ವಲ್ಪವೇ ಕಮ್ಮಿ ಇರೋ ಸೆಮ್ಮಿ ಶಿಲ್ಟ್‌ನನ್ನ ಸೆಮಿಯಲ್ಲಿ ಸೋಲಿಸಿದ. ಶಿಲ್ಟ್ ಅಂದ್ರೆ ಆಗ ಯಾರೂ ಮುಟ್ಟಲಾಗದ ಗೋಡೆ, ಅವನೂ ನಾಲ್ಕು ಸಲ ಗೆದ್ದವನು. ಮುದುಕ ದೂರ ನಿಲ್ಲಲಿಲ್ಲ, ಒಳಗೆ ನುಗ್ಗಿ ನುಗ್ಗಿ ಹೊಡೆದ. ಅಷ್ಟರಲ್ಲಿ ಮುಖ ಊದಿ ಕಣ್ಣು ಮುಚ್ಚಿತ್ತು. ಫೈನಲ್‌ನಲ್ಲಿ ಓವರೀಮ್ ಎದುರು ಒಂದು ನಿಮಿಷ ಚಿಲ್ಲರೆಗೆ ಮುಗೀತು. ಮುಗೀಲಿ ಬಿಡಿ.

ಥಾಯ್ಲೆಂಡಿನ ಬುವಾಕಾವ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತು. ಜಾರ್ಜಿಯೊ ಪೆಟ್ರೋಸ್ಯಾನ್ ಬಗ್ಗೆ ಹೇಳಲೇಬೇಕು. ಅರ್ಮೇನಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ಲಾರಿಯಲ್ಲಿ ಅಡಗಿ ಕೂತು ಇಟಲಿ ಸೇರಿದವನು. 2009, 2010 ಎರಡೂ ವರ್ಷ ಕಮ್ಮಿ ತೂಕದವರ ಪಂದ್ಯಾವಳಿ ಕೆ-1 ಮ್ಯಾಕ್ಸ್ ಗೆದ್ದ. ಇವನ ಪಂದ್ಯ ನೋಡೋದು ಅಂದ್ರೆ ಒಳ್ಳೇ ದರ್ಜಿ ಬಟ್ಟೆ ಕತ್ತರಿಸೋದನ್ನ ನೋಡಿದ ಹಾಗೆ. ಎದುರಾಳಿಯ ಮುಷ್ಟಿ ಬಂದಲ್ಲಿ ಇವನ ಮುಖ ಇರೋದೇ ಇಲ್ಲ. ಯಾಕೆ ಇರಲ್ಲ ಅಂದ್ರೆ ಕಾಲು ಆಗಲೇ ಒಂದು ಗೇಣು ಪಕ್ಕಕ್ಕೆ ಹೋಗಿರುತ್ತೆ. ನೋಡಿದ್ರಾ, ಮತ್ತೆ ಕಾಲಿಗೇ ಬಂದೆ. ಇಷ್ಟೆಲ್ಲಾ ಇದ್ದೂ ಅವನನ್ನೂ ರೀಲ್‌ಗೆ ಹಾಕ್ತಾರೆ, ಹೇಗೆ ಗೊತ್ತಾ? 2021ರಲ್ಲಿ ಥಾಯ್ ಆಟಗಾರ ಸೂಪರ್‌ಬೋನ್‌ನ ಒದೆತ ತಲೆಗೆ ಬಿದ್ದು ಉರುಳಿದ ಆ ಒಂದು ತುಣುಕು. ಜೀವಮಾನವಿಡೀ ಏಟು ತಪ್ಪಿಸಿಕೊಂಡವನಿಗೆ ಕೊಟ್ಟ ಮರ್ಯಾದೆ!

ಇಷ್ಟು ಕೂಗಾಡ್ತಿರೋದಕ್ಕೆ ಕಾರಣ ಬೇರೆಯೂ ಇದೆ. ಹೇಳಿಬಿಡ್ತೀನಿ.

2006ರಲ್ಲಿ ನಾನು ಬೆಂಗಳೂರಲ್ಲಿದ್ದಾಗ ಎಂಟು ತಿಂಗಳು ಕ್ಲಾಸಿಗೆ ಹೋಗಿದ್ದು, ಮೊಣಕಾಲು ಕೆಟ್ಟು ಬಿಟ್ಟಿದ್ದು ನಿಮಗೆಲ್ಲ ಗೊತ್ತಿರೋ ಕಥೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಅವತ್ತು ಸ್ಪಾರಿಂಗ್‌ಗೆ, ಅಂದ್ರೆ ಅಭ್ಯಾಸದ ಕಾದಾಟಕ್ಕೆ, ನನ್ನ ಎದುರು ಒಬ್ಬ ಪೀಚಲು ಹುಡುಗನನ್ನ ನಿಲ್ಲಿಸಿದರು. ಅರವತ್ತು ಕೆ.ಜಿ. ಇದ್ದರೆ ಹೆಚ್ಚು. ಕನಿಕರದಿಂದ ಮೆಲ್ಲಗೆ ಆಡೋಣ ಅಂದುಕೊಂಡೆ. ಎಡತೊಡೆಯ ಹೊರಮಗ್ಗುಲಿಗೆ ಮೊದಲ ಏಟು ಬಿತ್ತು. ನೋವಲ್ಲ ಅದು, ಕರೆಂಟು. ಎರಡನೆಯದು ಅದೇ ಜಾಗಕ್ಕೆ. ಮೂರನೆಯದಕ್ಕೆ ಅವನು ಕಾಲೆತ್ತೋಕೂ ಮೊದಲೇ ನಾನು ಕಣ್ಣು ಮುಚ್ಚಿದ್ದೆ. ಮಾರನೇ ದಿನ ಬಸ್ಸಿಂದ ಏಡಿ ಥರ ಪಕ್ಕಕ್ಕೆ ಇಳಿದೆ. ರೂಮಿನಲ್ಲಿದ್ದದ್ದು ಇಂಡಿಯನ್ ಟಾಯ್ಲೆಟ್ಟು, ಆ ನಾಲ್ಕು ದಿನದ ಕಥೆ ಇಲ್ಲಿ ಬೇಡ. ಕಾಲು ವಾರದಲ್ಲಿ ಸರಿಹೋಯ್ತು. ಆದರೆ ಮತ್ತೆ ಆ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಮೂರು ಸಲ ಬ್ಯಾಗ್ ಹಿಡಿದು ಕೆಳಗಿನ ಟೀ ಅಂಗಡಿವರೆಗೆ ಹೋಗಿ, ಟೀ ಕುಡಿದು ವಾಪಸ್ ಬಂದೆ. ಹೆದರಿಕೆ, ಅಷ್ಟೇ. ಹದಿನೆಂಟು ಇಪ್ಪತ್ತು ವರ್ಷ ಮೊಣಕಾಲಿನ ಮೇಲೆ ಹಾಕಿ ಕೂತಿದ್ದೆ.

ಆಮೇಲಿಂದ ಹಳೇ ಪಂದ್ಯಗಳಲ್ಲಿ ನಾನು ನೋಡೋದು ಒದೆಯೋನನ್ನಲ್ಲ. ಹತ್ತನೇ ಏಟು ತಿಂದೂ ಮತ್ತೆ ಗಾರ್ಡ್ ಎತ್ತಿ ಒಂದು ಹೆಜ್ಜೆ ಮುಂದೆ ಬರ್ತಾನಲ್ಲ, ಅವನ ತೊಡೆಯನ್ನ. ದವಡೆ ಮುರಿದ ಮೇಲೂ ಚಾಂಗ್‌ಪುಯಕ್ ಎದ್ದು ಬಂದದ್ದು, ಸ್ಯಾಪ್ ಕೈಲಿ ಒದೆ ತಿಂದ ಹೋಸ್ಟ್ ಅದೇ ರಾತ್ರಿ ಅದೇ ಮೆಟ್ಟಿಲು ಹತ್ತಿ ಬಂದದ್ದು. ನನಗಾಗದ ಕೆಲಸ ಅದು. ಅದನ್ನ ಯಾವನೋ 'ಲೂಸರ್' ಅಂತ ಬರೆದು ನಗೋ ಎಮೋಜಿ ಹಾಕಿ ಬಿಟ್ಟರೆ ಉರಿಯಲ್ವಾ?

ನಿನ್ನೆ ಊಟ ಆದಮೇಲೆ ಹುಡುಗನನ್ನ ಹಾಲ್‌ನಲ್ಲಿ ನಿಲ್ಲಿಸಿ ಒಂದು ಗಂಟೆ ಪಾಠ ಮಾಡಿದೆ. ಕಾಲೆತ್ತಿ ಚೆಕ್ ಮಾಡೋದು ತೋರಿಸೋಕೆ ಹೋಗಿ ಟೀಪಾಯಿಗೆ ಬಡಿಸಿಕೊಂಡೆ. 'ಇಬ್ಬರೂ ಹೊರಗೆ ಹೋಗಿ ಸಾಯಿರಿ' ಅಂತ ಅಕ್ಕ ಬೈದಳು. ಹುಡುಗ ಬಾಯಿಬಿಟ್ಟುಕೊಂಡು ಎಲ್ಲ ಕೇಳಿದ. 2002ರ ಆ ರಾತ್ರಿಯನ್ನ ಪೂರ್ತಿ ನೋಡು, ಫಾರ್ವರ್ಡ್ ಮಾಡಬೇಡ ಅಂತ ಹೇಳಿ ಮಲಗಿದೆ. ಮನಸ್ಸು ತುಂಬಿತ್ತು.

ಬೆಳಿಗ್ಗೆ ಎದ್ದು ನೋಡ್ತೀನಿ, ಪಕ್ಕದ ರೂಮಿಂದಲೇ ವಾಟ್ಸಾಪ್ ಮಾಡಿದ್ದಾನೆ: 'ಮಾಮ, ಲೆ ಬ್ಯಾನರ್ ಕೈ ಮುರಿಯೋದು ಎಷ್ಟನೇ ನಿಮಿಷದಲ್ಲಿ? ಅಲ್ಲಿಂದ ನೋಡ್ತೀನಿ.'

ಬ್ಲೂ ಟಿಕ್ ಬಿದ್ದಿದೆ. ಉತ್ತರ ಕೊಟ್ಟಿಲ್ಲ.