ಸತ್ಯಾಂಶ: ರಬ್ಬರ್ ತುಂಡು ಇಟ್ಟರೆ ವಾಷಿಂಗ್ ಮಷೀನ್ ಅದುರುವುದು ನಿಲ್ಲುತ್ತಾ?

“ಮಷೀನ್ ಅದುರುತ್ತಿದೆಯಾ? ಕಾಲಿನ ಕೆಳಗೆ ದಪ್ಪ ರಬ್ಬರ್ ಇಡಿ, ಸಾಕು” ಎನ್ನುವ ಮೆಸೇಜ್ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ. ರಬ್ಬರ್ ಸದ್ದನ್ನು ಸ್ವಲ್ಪ ತಗ್ಗಿಸಬಹುದು, ಜಾರುವುದನ್ನು ತಡೆಯಬಹುದು. ಆದರೆ ಮಷೀನ್ ಮಟ್ಟವಾಗಿ ನಿಂತಿಲ್ಲ ಅಂದರೆ ಅದುರುವುದು ನಿಲ್ಲುವುದಿಲ್ಲ. ಮೆತ್ತಗಿನ ಫೋಮ್ ಇಟ್ಟರಂತೂ ಇನ್ನೂ ಜಾಸ್ತಿಯಾಗಬಹುದು.

ಬಟ್ಟೆ ಹಿಂಡುವಾಗ ಡ್ರಮ್ ನಿಮಿಷಕ್ಕೆ ಸುಮಾರು 700ರಿಂದ 1400 ಸುತ್ತು ತಿರುಗುತ್ತದೆ. ಒಂದು ಕಾಲು ನೆಲಕ್ಕೆ ಸರಿಯಾಗಿ ಊರದಿದ್ದರೂ ಇಡೀ ಮಷೀನ್ ಕುಣಿಯುತ್ತದೆ.

ಮೊದಲು ಪ್ಲಗ್ ತೆಗೆಯಿರಿ. ಮೇಲಿನ ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿ. ಅಲ್ಲಾಡಿದರೆ ಯಾವುದೋ ಕಾಲು ಗಿಡ್ಡವಾಗಿದೆ ಎಂದರ್ಥ. ಆ ಕಾಲು ತಿರುಗದಂತೆ ಹಿಡಿದಿರುವ ನಟ್ (ಲಾಕ್ ನಟ್) ಸಡಿಲಿಸಿ, ಕಾಲನ್ನು ತಿರುಗಿಸಿ ಎತ್ತರ ಸರಿ ಮಾಡಿ. ಮೇಲೆ ರಸಮಟ್ಟ (ಗುಳ್ಳೆ ನೋಡಿ ಮಟ್ಟ ಅಳೆಯುವ ಸಾಧನ) ಇಟ್ಟು ಎಡ-ಬಲ, ಹಿಂದೆ-ಮುಂದೆ ಎರಡೂ ನೋಡಬೇಕು. ಕಾಲುಗಳನ್ನು ಸುಮ್ನೆ ಉದ್ದ ಮಾಡಬೇಡಿ, ತಗ್ಗಾಗಿದ್ದಷ್ಟೂ ಮಷೀನ್ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ನಟ್ ಮತ್ತೆ ಬಿಗಿ ಮಾಡಿ. ದಯವಿಟ್ಟು ಇದನ್ನು ಮರೆಯಬೇಡಿ, ಬಿಗಿ ಮಾಡದಿದ್ದರೆ ಅದುರಾಟಕ್ಕೆ ಕಾಲು ಮತ್ತೆ ತಿರುಗಿ ಮಟ್ಟ ಕೆಡುತ್ತದೆ.

ಹೊಸ ಫ್ರಂಟ್ ಲೋಡ್ ಮಷೀನ್ ವಿಪರೀತ ಅದುರಿದರೆ, ಸಾಗಿಸುವಾಗ ಡ್ರಮ್ ಅಲ್ಲಾಡದಂತೆ ಹಿಂದೆ ಹಾಕಿರುವ ಬೋಲ್ಟ್‌ಗಳನ್ನು ತೆಗೆದಿದ್ದಾರಾ ನೋಡಿ. ಒಮ್ಮೊಮ್ಮೆ ಮಾತ್ರ ಅದುರುತ್ತದೆ ಅಂದರೆ ಮಟ್ಟದ ತಪ್ಪಲ್ಲದೇ ಇರಬಹುದು. ಒದ್ದೆ ಬೆಡ್‌ಶೀಟ್ ಒಂದೇ ಕಡೆ ಮುದ್ದೆಯಾಗಿರುತ್ತದೆ. ನಿಲ್ಲಿಸಿ, ಬಿಡಿಸಿ ಹಾಕಿ.